ನನ್ನಿಂದ ನನ್ನನ್ನು ಕಾಪಾಡಿ ಸ್ವಾಮಿ

ನನಗೊಬ್ಬ ಶತ್ರು ಇದ್ದಾನೆ. ನನ್ನ ಚಪ್ಪಲಿಯನ್ನೇ ಮೆಟ್ಟಿಕೊಂಡು ಓಡಾಡುತ್ತಾನೆ, ನನ್ನ ಸಹಿಯನ್ನೇ ಹಾಕುತ್ತಾನೆ. ಹಗಲು ಹೊತ್ತು ಸಂಭಾವಿತ. ರಾತ್ರಿ ಹತ್ತೂವರೆ ದಾಟಿತೋ, ಬಣ್ಣ ಬಯಲು. ಮೊನ್ನೆ 'ಒಂದೇ ಒಂದು ವಿಡಿಯೊ' ಅಂತ ಮೊಬೈಲ್ ಹಿಡಿದವನು, ಎರಡು ಗಂಟೆಗೆ ನೋಡಿದರೆ ಆಕ್ಟೋಪಸ್‌ಗೆ ಎಷ್ಟು ಹೃದಯ ಅಂತ ತಿಳಿದುಕೊಳ್ಳುತ್ತಾ ಕೂತಿದ್ದ. (ಮೂರು. ಈಗ ನನಗೂ ಗೊತ್ತು.) ಬೆಳಿಗ್ಗೆ ಆರಕ್ಕೆ ಅಲಾರಂ ಹೊಡೆದಾಗ ಏಳಬೇಕಾದವನು ಮಾತ್ರ ನಾನು. ಜಿಮ್‌ಗೆ ವರ್ಷದ ದುಡ್ಡು ಕಟ್ಟಿದವನು ನಾನು, ಹೋಗದವನು ಅವನು.

ಇವನ ಮೇಲೆ ದೂರು ಕೊಡೋಣ ಅಂದರೆ ಆರೋಪಿಯ ವಿಳಾಸ, ದೂರುದಾರನ ವಿಳಾಸ ಎರಡೂ ಒಂದೇ. ಹೀಗಾಗಿ ಉಳಿದಿರುವುದು ಒಂದೇ ದಾರಿ. ಸರ್ಕಾರದ ಕಾಲು ಹಿಡಿಯುವುದು. ಸ್ವಾಮಿ, ನನ್ನನ್ನು ನನ್ನಿಂದ ಕಾಪಾಡಿ.

ಜಗತ್ತಿನ ಸರ್ಕಾರಗಳು ಈ ಮೊರೆಗಾಗಿ ಕಾದು ಕೂತಿವೆ. ಮೊರೆ ಇಡದಿದ್ದರೂ ಓಡಿ ಬರುತ್ತವೆ. ಆದರೆ ಯಾವಾಗ ಬರುತ್ತವೆ, ಬಂದು ಏನು ಮಾಡುತ್ತವೆ, ಯಾವಾಗ ಸದ್ದಿಲ್ಲದೆ ಎದ್ದು ಹೋಗುತ್ತವೆ ಅನ್ನೋದನ್ನು ಸ್ವಲ್ಪ ಗಮನವಿಟ್ಟು ನೋಡಬೇಕು. ಮಜವಾಗಿದೆ.

ಈ ಕೆಲಸಕ್ಕೆ ಮೊದಲು ಅಡ್ಡಗಾಲು ಹಾಕಿದವರಲ್ಲಿ ದೊಡ್ಡ ಹೆಸರು ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಅವರದು. 1859ರಲ್ಲಿ ಅವರು ಹೇಳಿದ್ದರ ಸಾರ ಇಷ್ಟು: ಮನುಷ್ಯನ ಮೈಗೂ ಮನಸ್ಸಿಗೂ ಅವನೇ ದೊರೆ. ಇನ್ನೊಬ್ಬರಿಗೆ ಕೆಡುಕಾಗುತ್ತದೆ ಅಂದರೆ ಮಾತ್ರ ತಡೆಯಿರಿ. 'ನಿನ್ನ ಒಳ್ಳೇದಕ್ಕೇ ಕಣೋ' ಅನ್ನೋ ಕಾರಣ ಸಾಲದು. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಆದರೆ ಕೆಳಗೆ ಒಂದು ಸಣ್ಣ ಷರತ್ತು ಇತ್ತು. ಈ ಸ್ವಾತಂತ್ರ್ಯ ಮಕ್ಕಳಿಗಿಲ್ಲ, ಇನ್ನೂ 'ಬೆಳೆಯದ' ಜನಾಂಗಗಳಿಗೂ ಇಲ್ಲ. ಇದನ್ನು ಪ್ರಕಟಿಸುವ ಮುಂಚೆ ಮಿಲ್ 35 ವರ್ಷ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ನೌಕರಿ ಮಾಡಿದ್ದರು. ಸಂಬಳ ಕೊಡುವ ಕಂಪನಿ ಯಾರನ್ನು ಆಳುತ್ತಿತ್ತೋ, ಅವರೆಲ್ಲ ಮಕ್ಕಳ ಲೆಕ್ಕಕ್ಕೆ ಸೇರಿಬಿಟ್ಟರು. ಯಾರು ದೊಡ್ಡವರು, ಯಾರು ಮಗು ಅಂತ ತೀರ್ಮಾನ ಆಗೋದು ಯಾವ ಆಫೀಸಿನಲ್ಲಿ ಅನ್ನೋದು ಅವತ್ತೇ ಗೊತ್ತಾಗಿಹೋಯಿತು.

ಮಿಲ್ ಒಂದು ಸೇತುವೆಯ ಉದಾಹರಣೆಯನ್ನೂ ಕೊಟ್ಟರು. ಸೇತುವೆ ಶಿಥಿಲವಾಗಿದೆ. ಅದು ಗೊತ್ತಿಲ್ಲದ ಒಬ್ಬ ದಾಟಲು ಹೊರಟಿದ್ದಾನೆ. ಕೂಗಿ ಹೇಳುವಷ್ಟು ಹೊತ್ತಿಲ್ಲ. ಆಗ ಅವನನ್ನು ಹಿಡಿದು ಹಿಂದಕ್ಕೆ ಎಳೆಯಬಹುದು, ತಪ್ಪಿಲ್ಲ. ಅವನಿಗೆ ಬೇಕಿರೋದು ಆಚೆ ದಡವೇ ಹೊರತು ನದಿಗೆ ಬೀಳುವುದಲ್ಲ. ಪೂರ್ತಿ ಒಪ್ಪಿದೆ. ಆದರೆ ಇಷ್ಟು ವರ್ಷ ಪಂಡಿತರೆಲ್ಲ ಅಂಗಿ ಎಳೆಯಬಹುದೋ ಇಲ್ಲವೋ, ಎಷ್ಟು ಜೋರಾಗಿ ಎಳೆಯಬಹುದು ಅಂತಲೇ ಚರ್ಚೆ ಮಾಡಿದರು. ಸೇತುವೆ ಯಾರದು, ರಿಪೇರಿ ಯಾಕೆ ಆಗಿಲ್ಲ ಅಂತ ಕೇಳಿದವರನ್ನು ನಾನು ಕಂಡಿಲ್ಲ.

ಇರಲಿ. ಒಳ್ಳೇ ಕೆಲಸವನ್ನು ಒಳ್ಳೇದು ಅನ್ನಲೇಬೇಕು. ಕಾರಿನ ಸೀಟ್‌ಬೆಲ್ಟ್ ವಿಷಯದಲ್ಲಿ ನನ್ನ ತಕರಾರು ಏನೂ ಇಲ್ಲ. 1970ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಬೆಲ್ಟ್ ಹಾಕುವುದನ್ನು ಕಡ್ಡಾಯ ಮಾಡಿತು. ಜನ ಗೊಣಗಿದರು, ಹಾಕಿಕೊಂಡರು, ಬದುಕಿದರು. ಹೀಗೆ ನೆಟ್ಟಗೆ ಮುಗಿದ ಕತೆಯಲ್ಲಿ ನನ್ನಂಥ ಬರಹಗಾರನಿಗೆ ಏನೂ ಗಿಟ್ಟುವುದಿಲ್ಲ. ಹಾಗಾಗಿ ಅಮೆರಿಕಕ್ಕೆ ಹೋಗೋಣ.

ಅಲ್ಲಿ 1974ರ ಮಾಡೆಲ್ ಕಾರುಗಳಿಗೆ ಒಂದು ಹೊಸ ಬುದ್ಧಿ ಬಂತು. ಮುಂದಿನ ಸೀಟಿನಲ್ಲಿ ಕೂತವರು ಬೆಲ್ಟ್ ಹಾಕದೆ ಗಾಡಿ ಸ್ಟಾರ್ಟೇ ಆಗುವುದಿಲ್ಲ. ಸೀಟಿನ ಕೆಳಗೆ ಭಾರ ಗುರುತಿಸುವ ಸೆನ್ಸರ್. ಕಾಗದದ ಮೇಲೆ ಇದಕ್ಕಿಂತ ಚೆಂದದ ಯೋಜನೆ ಇಲ್ಲ. ಈಗ ಕಣ್ಣಮುಂದೆ ತಂದುಕೊಳ್ಳಿ. ಮಳೆ ಹೊಯ್ಯುತ್ತಿದೆ. ಒಬ್ಬಾಕೆ ಸಾಮಾನಿನ ಚೀಲವನ್ನು ಪಕ್ಕದ ಸೀಟಿನಲ್ಲಿಟ್ಟು, ಬಾಗಿಲು ಹಾಕಿ, ತಾನು ಬೆಲ್ಟ್ ಬಿಗಿದು ಕೀಲಿ ತಿರುಗಿಸುತ್ತಾರೆ. ಗಾಡಿ ಸುಮ್ಮನಿದೆ. ಇನ್ನೊಮ್ಮೆ. ಊಹೂಂ. ಕಾರಿನ ಪ್ರಕಾರ ಪಕ್ಕದಲ್ಲಿ ಒಬ್ಬ ಪ್ರಯಾಣಿಕ ಕೂತಿದ್ದಾನೆ, ಅವನು ಬೆಲ್ಟ್ ಹಾಕಿಲ್ಲ. ಆಕೆ ಬಗ್ಗಿ ತರಕಾರಿ ಚೀಲದ ಸೊಂಟಕ್ಕೆ ಬೆಲ್ಟ್ ಬಿಗಿಯುತ್ತಾರೆ. ಸರ್ಕಾರ ಕಾಪಾಡಿದ ಮೊದಲ ಕ್ಯಾಬೇಜು. ನಾಯಿ ಸಾಕಿದವರ ಪಾಡು ಬೇರೆಯೇ.

ಜನ ಏನು ಮಾಡಿದರು? ಕೆಲವರು ವೈರು ಕತ್ತರಿಸಿದರು. ಕೆಲವರು ಬೆಲ್ಟನ್ನು ಬೆನ್ನ ಹಿಂದೆ ಒಂದೇ ಸಲ ಕಾಯಂ ಆಗಿ ಸಿಕ್ಕಿಸಿ ಅದರ ಮೇಲೆ ಕೂತರು. ಉಳಿದವರು ತಮ್ಮ ಸಂಸದರಿಗೆ ಪತ್ರ ಬರೆದರು. ವರ್ಷ ಮುಗಿಯುವ ಮುಂಚೆಯೇ ಅಮೆರಿಕದ ಸಂಸತ್ತು ಇದನ್ನು ರದ್ದು ಮಾಡಿತು. ಅಷ್ಟೇ ಅಲ್ಲ, ಬೆಲ್ಟ್ ನೆನಪಿಸುವ ಬಜರ್ 8 ಸೆಕೆಂಡಿಗಿಂತ ಹೆಚ್ಚು ಹೊತ್ತು ಹೊಡೆಯಲೇಬೇಕು ಅಂತ ಇಲಾಖೆ ಹಠ ಹಿಡಿಯುವಂತಿಲ್ಲ ಅಂತಲೂ ಕಾನೂನು ಮಾಡಿತು. ಎಂಟು ಸೆಕೆಂಡು ಸರ್ಕಾರದ್ದು. ಒಂಬತ್ತನೆಯದರಿಂದ ನಿಮ್ಮ ಪ್ರಾಣ ನಿಮ್ಮ ಜವಾಬ್ದಾರಿ. ಸ್ವಾತಂತ್ರ್ಯದ ಗಡಿಯನ್ನು ಇಷ್ಟು ಕರಾರುವಾಕ್ಕಾಗಿ ಯಾವ ತತ್ವಜ್ಞಾನಿಯೂ ಅಳೆದಿರಲಿಲ್ಲ.

ಗಾಡಿಯಿಂದ ಇಳಿದು ಊಟದ ಟೇಬಲ್‌ಗೆ ಬಂದರೆ ಅಲ್ಲೂ ಸರ್ಕಾರ ಕುರ್ಚಿ ಎಳೆದುಕೊಂಡು ಕೂತಿದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನೋದು ನಮ್ಮ ಗಾದೆ. ಅರ್ಜೆಂಟೀನಾದ ಬ್ಯೂನಸ್ ಐರಿಸ್ ಪ್ರಾಂತ್ಯದಲ್ಲಿ 2011ರಲ್ಲಿ ಗಾದೆಯ ಮೊದಲರ್ಧಕ್ಕೇ ಕೈಹಾಕಿದರು. ರೆಸ್ಟೋರೆಂಟ್ ಟೇಬಲ್‌ಗಳಿಂದ ಉಪ್ಪಿನ ಡಬ್ಬಿ ಎತ್ತಿಸಿದರು. ಬೇಕು ಅಂದವರು ಕೇಳಿ ಪಡೆಯಬೇಕು. ಅದೇ ವರ್ಷ ಡೆನ್ಮಾರ್ಕ್ ಕೊಬ್ಬಿನ ಪದಾರ್ಥಗಳ ಮೇಲೆ ತೆರಿಗೆ ಹಾಕಿತು. ಬೆಣ್ಣೆ ತಿನ್ನುವುದನ್ನು ಬಿಡುವ ಬದಲು ಎಷ್ಟೋ ಜನ ಗಡಿ ದಾಟಿ ಜರ್ಮನಿಯಿಂದ ತಂದುಕೊಂಡರು. 2013ರ ಹೊತ್ತಿಗೆ ತೆರಿಗೆಯೇ ಕರಗಿಹೋಯಿತು.

ನ್ಯೂಯಾರ್ಕ್ ನಗರದ್ದು ಇನ್ನೂ ಚೆಂದ. ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಕಾಲದಲ್ಲಿ, 2012ರಲ್ಲಿ, ಅಲ್ಲಿನ ಆರೋಗ್ಯ ಮಂಡಳಿ ಒಂದು ನಿಯಮ ತಂದಿತು. ಸಕ್ಕರೆ ತುಂಬಿದ ಪಾನೀಯವನ್ನು 16 ಔನ್ಸ್, ಅಂದರೆ ಸುಮಾರು 470 ಮಿಲಿಲೀಟರ್ ಮೀರಿದ ಕಪ್ಪಿನಲ್ಲಿ ಮಾರುವಂತಿಲ್ಲ. ಎರಡು ಕಪ್ ಕೊಂಡರೆ? ಕೊಳ್ಳಬಹುದು. ಕುಡಿದು ಮತ್ತೆ ತುಂಬಿಸಿಕೊಂಡರೆ? ಧಾರಾಳವಾಗಿ. ಪಕ್ಕದ ಕಿರಾಣಿ ಸ್ಟೋರ್‌ನಲ್ಲಿ ಬಕೆಟ್‌ನಷ್ಟು ದೊಡ್ಡ ಕಪ್ ಸಿಕ್ಕರೆ? ಅದು ನಗರದ ಕೆಳಗೆ ಬರಲ್ಲ, ರಾಜ್ಯದ ಕೆಳಗೆ ಬರುತ್ತದೆ, ಕುಡಿಯಿರಿ. ಅಂದರೆ ನಿಮ್ಮ ಸಕ್ಕರೆ ಕಾಯಿಲೆ ಮೊದಲು ತನ್ನ ವ್ಯಾಪ್ತಿ ಯಾವುದು ಅಂತ ತಿಳಿದುಕೊಂಡು ಆಮೇಲೆ ಬರಬೇಕು. ನಿಯಮ ಜಾರಿಯಾಗುವ ಹಿಂದಿನ ದಿನ ನ್ಯಾಯಾಧೀಶರೊಬ್ಬರು ತಡೆದರು. 2014ರಲ್ಲಿ ರಾಜ್ಯದ ಅತ್ಯುನ್ನತ ಕೋರ್ಟು ಪೂರ್ತಿ ಹೊಡೆದುಹಾಕಿತು.

ಕಪ್ಪಿನ ಅಳತೆ ಆರಿಸಲು ಬಾರದ ಇದೇ ಮನುಷ್ಯನಿಗೆ ಸರ್ಕಾರ ಆರಿಸಲು ಮಾತ್ರ ಚೆನ್ನಾಗಿ ಬರುತ್ತದೆ ಅಂತ ಎಲ್ಲರ ನಂಬಿಕೆ. ಹಲವು ದೇಶಗಳಲ್ಲಿ ಮತದಾನದ ದಿನ ಹೆಂಡ ಬಂದ್. ಅವತ್ತೊಂದು ದಿನ ನೆಟ್ಟಗೆ ನಿಂತು ಗುಂಡಿ ಒತ್ತಬೇಕು. ಫಲಿತಾಂಶ ಬಂದಮೇಲೆ ಅಂಗಡಿ ತೆರೆಯುತ್ತಾರೆ. ಆಗಲೇ ಅಲ್ವಾ ಅದರ ಅಗತ್ಯ ಜಾಸ್ತಿ.

ಹೆಂಡದ ಮಾತು ಬಂತಲ್ಲ, ಸ್ವಲ್ಪ ಹೊತ್ತು ಇಲ್ಲೇ ಕೂರೋಣ. ಜನರನ್ನು ಅವರಿಂದಲೇ ಕಾಪಾಡುವ ಪ್ರಯತ್ನಗಳಲ್ಲಿ ಅಮೆರಿಕದ ಪಾನನಿಷೇಧದಷ್ಟು ದೊಡ್ಡದು ಇನ್ನೊಂದು ಸಿಗಲಿಕ್ಕಿಲ್ಲ. 1920ರ ಜನವರಿಯಿಂದ ಮದ್ಯ ತಯಾರಿಸುವುದು, ಮಾರುವುದು, ಸಾಗಿಸುವುದು ಅಪರಾಧ. ಸಂವಿಧಾನಕ್ಕೇ ತಿದ್ದುಪಡಿ ತಂದರು. ಕುಡಿಯುವುದು ಮಾತ್ರ ಅಪರಾಧ ಆಗಿರಲಿಲ್ಲ. ಗಂಟಲಿಗೆ ಬಂದದ್ದು ಎಲ್ಲಿಂದ ಬಂತು ಅಂತ ಕೇಳಬಾರದು, ಅಷ್ಟೇ.

ಔಷಧವಾಗಿ ವಿಸ್ಕಿಗೆ ಅನುಮತಿ ಇತ್ತು. ಹಾಗಾಗಿ ದೇಶಕ್ಕೆ ದೇಶವೇ ಹುಷಾರು ತಪ್ಪಿತು. ಡಾಕ್ಟರು ಸರ್ಕಾರಿ ನಮೂನೆಯಲ್ಲಿ ಚೀಟಿ ಬರೆದರೆ ಔಷಧದ ಅಂಗಡಿಯಲ್ಲಿ ಬಾಟಲಿ. 1931ರ ಡಿಸೆಂಬರ್‌ನಲ್ಲಿ ವಿನ್‌ಸ್ಟನ್ ಚರ್ಚಿಲ್ ನ್ಯೂಯಾರ್ಕ್‌ನಲ್ಲಿ ರಸ್ತೆ ದಾಟುವಾಗ ಕಾರಿಗೆ ಸಿಕ್ಕಿ ಪೆಟ್ಟು ಮಾಡಿಕೊಂಡರು. ಡಾಕ್ಟರು ಚೀಟಿ ಬರೆದರು: ಚೇತರಿಕೆಗೆ ಮದ್ಯ ಬೇಕು, ಅದರಲ್ಲೂ ಊಟದ ಹೊತ್ತಿಗೆ. ಪ್ರಮಾಣಕ್ಕೆ ಮಿತಿ ಹೇಳಲಾಗದು, ಆದರೆ ಕನಿಷ್ಠ 250 ಸಿಸಿ. ಎಲ್ಲ ಡಾಕ್ಟರೂ ಹೆಚ್ಚೆಂದರೆ ಇಷ್ಟು ಅನ್ನುತ್ತಾರೆ. ಕಡಿಮೆ ಅಂದರೆ ಇಷ್ಟು ಅನ್ನುವ ಡಾಕ್ಟರು ಚರ್ಚಿಲ್‌ಗೆ ಮಾತ್ರ ಸಿಕ್ಕರು. ಪುಣ್ಯವಂತ.

ಚೀಟಿ ಸಿಗದವರಿಗೆ ಒಣಗಿಸಿದ ದ್ರಾಕ್ಷಿರಸದ ಇಟ್ಟಿಗೆ ಮಾರುಕಟ್ಟೆಗೆ ಬಂತು. ಜೊತೆಗೆ ಎಚ್ಚರಿಕೆ: ದಯವಿಟ್ಟು ಇದನ್ನು ನೀರಿನಲ್ಲಿ ಕರಗಿಸಿ ಕಪಾಟಿನಲ್ಲಿ ಇಷ್ಟು ದಿನ ಇಡಬೇಡಿ, ಇಟ್ಟರೆ ವೈನ್ ಆಗಿಬಿಡುತ್ತದೆ. ಅಡುಗೆ ಹೇಳಿಕೊಡುವವರು ಇದಕ್ಕಿಂತ ಸ್ಪಷ್ಟವಾಗಿ ಹೇಳಿದ್ದನ್ನು ನಾನು ಕೇಳಿಲ್ಲ.

ಇಲ್ಲಿಯವರೆಗೆ ನಗಬಹುದು. ಮುಂದಿನದು ಬೇರೆ. ಕಾರ್ಖಾನೆಗಳಿಗೆ ಆಲ್ಕೋಹಾಲ್ ಬೇಕಲ್ಲ, ಅದನ್ನು ಕುಡಿಯಬಾರದು ಅಂತ ವಿಷ ಬೆರೆಸಿ ಕೊಡುತ್ತಿದ್ದರು. ಕಳ್ಳ ವ್ಯಾಪಾರಿಗಳು ಅದನ್ನೇ ಕದ್ದು, ಭಟ್ಟಿ ಇಳಿಸಿ ಮಾರುತ್ತಿದ್ದರು. 1926ರ ಕೊನೆಗೆ ಸರ್ಕಾರ ಒಂದು ತೀರ್ಮಾನಕ್ಕೆ ಬಂತು. ವಿಷ ಸಾಲದು, ಇನ್ನಷ್ಟು ಬೆರೆಸಿ. ಬೆರೆಸಿದರು. ಜನ ಕುಡಿದರು, ಕಣ್ಣು ಕಳೆದುಕೊಂಡರು, ಸತ್ತರು. ಜನರ ಆರೋಗ್ಯ ಉಳಿಸಲು ತಂದ ಕಾನೂನು ಇದು, ನೆನಪಿರಲಿ. ಆಗ ಪಾನವಿರೋಧಿ ಚಳವಳಿಯ ಮುಖಂಡ ವೇಯ್ನ್ ವೀಲರ್ ಕೊಟ್ಟ ಸಮಜಾಯಿಷಿ ಹೀಗಿತ್ತು: ಕುಡಿಯೋಕೆ ಯೋಗ್ಯವಾದ ಮದ್ಯ ಒದಗಿಸುವ ಹಂಗು ಸರ್ಕಾರಕ್ಕಿಲ್ಲ, ಇದನ್ನು ಕುಡಿಯುವವನು ಬೇಕೆಂದೇ ಆತ್ಮಹತ್ಯೆ ಮಾಡಿಕೊಳ್ಳುತ್ತಿದ್ದಾನೆ. ಅಂದರೆ ಕುಡಿಯುವುದು ಅವನ ಆಯ್ಕೆ ಅಲ್ಲ. ಸಾಯುವುದು ಮಾತ್ರ ಅವನ ಆಯ್ಕೆ.

ನಿಷೇಧ ತೆಗೆದದ್ದು ಇದರಿಂದ ಪಶ್ಚಾತ್ತಾಪ ಆಗಿಯೋ? ಅಂದುಕೊಂಡರೆ ನೀವು ತುಂಬಾ ಒಳ್ಳೆಯವರು. ಮೊದಲು ಅಮೆರಿಕದ ಕೇಂದ್ರ ಖಜಾನೆಗೆ ಮದ್ಯದ ತೆರಿಗೆಯೇ ದೊಡ್ಡ ಆಸರೆ. 1913ರಲ್ಲಿ ಆದಾಯ ತೆರಿಗೆ ಬಂತು, ಮದ್ಯದ ದುಡ್ಡಿಲ್ಲದೆಯೂ ಸಂಸಾರ ನಡೆಯುತ್ತದೆ ಅನ್ನೋ ಧೈರ್ಯ ಬಂತು. ಆಮೇಲೆಯೇ ಜನರ ನೀತಿಯ ಬಗ್ಗೆ ಕಾಳಜಿ ಉಕ್ಕಿದ್ದು. 1929ರಲ್ಲಿ ಆರ್ಥಿಕ ಕುಸಿತ ಶುರುವಾಗಿ ಜನರಿಗೆ ಆದಾಯವೇ ಇಲ್ಲವಾದಾಗ ತೆರಿಗೆ ಎಲ್ಲಿಂದ ಬರಬೇಕು? 1933ರ ಏಪ್ರಿಲ್‌ನಲ್ಲಿ ಬಿಯರ್ ವಾಪಸ್ ಬಂತು, ತೆರಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂತು. ಡಿಸೆಂಬರ್‌ಗೆ ನಿಷೇಧವೇ ಹೋಯಿತು. ಹದಿಮೂರು ವರ್ಷ ಮಗುವಾಗಿದ್ದ ಪ್ರಜೆ ಖಜಾನೆ ಖಾಲಿಯಾದ ದಿನ ದೊಡ್ಡವನಾದ.

ಈ ಒಂದು ಸೂತ್ರ ಕೈಗೆ ಸಿಕ್ಕಮೇಲೆ ನನಗೆ ಉಳಿದದ್ದೆಲ್ಲ ಸಲೀಸಾಗಿ ಅರ್ಥವಾಗತೊಡಗಿತು.

ನನ್ನ ಗೆಳೆಯನೊಬ್ಬ ಸಿಗರೇಟು ಸೇದುತ್ತಾನೆ. ಮೊನ್ನೆ ಪ್ಯಾಕ್ ತೆಗೆದುಕೊಂಡು ತಿರುಗಿಸಿ ನೋಡಿದ. ಮೇಲೆ ಕೊಳೆತ ಗಂಟಲಿನ ಚಿತ್ರ. ಮುಖ ಕಿವುಚಿ ವಾಪಸ್ ಕೊಟ್ಟ. ಅಬ್ಬಾ, ಇವತ್ತು ಬಿಟ್ಟ ಅಂದುಕೊಂಡೆ. "ಈ ಗಂಟಲು ಬೇಡ. ಕಾಲಿನ ಚಿತ್ರ ಇದ್ದರೆ ಕೊಡಿ" ಅಂದ. ಯಾಕೋ ಅಂದರೆ, "ನನಗೆ ಕಾಲಿನ ತೊಂದರೆ ಇಲ್ಲ, ಗಂಟಲು ಸ್ವಲ್ಪ ಕೆರೆತ" ಅಂದ. ಎಚ್ಚರಿಕೆಯನ್ನು ಓದಿದ್ದಾನೆ, ನಂಬಿದ್ದಾನೆ, ಪಾಲಿಸಿಯೂ ಆಯಿತು.

ಆಸ್ಟ್ರೇಲಿಯಾ ಇನ್ನೂ ಮುಂದೆ ಹೋಯಿತು. 2012ರಿಂದ ಅಲ್ಲಿ ಸಿಗರೇಟು ಪ್ಯಾಕ್‌ಗಳಿಗೆಲ್ಲ ಒಂದೇ ಬಣ್ಣ. ನೋಡಿದರೆ ಕೈಹಾಕಲು ಮನಸ್ಸು ಬಾರದ ಬಣ್ಣ ಯಾವುದು ಅಂತ ಸಂಶೋಧನೆ ಮಾಡಿಸಿ ಕೆಸರಿನಂಥ ಕಂದು ಆರಿಸಿದರು. ಮೊದಲು ಅದನ್ನು 'ಆಲಿವ್ ಹಸಿರು' ಅಂತ ಕರೆದುಬಿಟ್ಟರು. ಆಲಿವ್ ಬೆಳೆಗಾರರು ಗರಂ ಆದರು, ಹೆಸರು ಬದಲಾಯಿತು. ಜನರನ್ನು ಹೊಗೆಯಿಂದ ಕಾಪಾಡಲು ಹೋಗಿ ಆಲಿವ್ ಹಣ್ಣಿನ ಮಾನ ಕಾಪಾಡಬೇಕಾಯಿತು.

ಆದರೂ ಆಸ್ಟ್ರೇಲಿಯಾಕ್ಕೆ ಒಂದು ನಮಸ್ಕಾರ. ಕನಿಷ್ಠ ಅಂಗಡಿ ಅದರದ್ದಲ್ಲ. ಚೀನಾದಲ್ಲಿ ತಂಬಾಕು ನಿಯಂತ್ರಿಸುವ ಸರ್ಕಾರಿ ಆಡಳಿತ, ಸಿಗರೇಟು ಮಾಡಿ ಮಾರುವ ಸರ್ಕಾರಿ ಕಂಪನಿ ಎರಡೂ ಹೆಚ್ಚುಕಡಿಮೆ ಒಂದೇ. ಒಂದೇ ಆಫೀಸು, ಎರಡು ಬೋರ್ಡು. ಜಗತ್ತಿನಲ್ಲಿ ಅತಿ ಹೆಚ್ಚು ಸಿಗರೇಟು ತಯಾರಿಸುವುದು ಆ ಕಂಪನಿಯೇ. ಜಪಾನಿನಲ್ಲಿ 'ಜಪಾನ್ ಟೊಬ್ಯಾಕೊ' ಕಂಪನಿಯ ಮೂರನೇ ಒಂದು ಪಾಲಿಗಿಂತ ಹೆಚ್ಚು ಷೇರು ಸರ್ಕಾರದ ಕೈಯಲ್ಲಿರಬೇಕು ಅಂತ ಕಾನೂನೇ ಇದೆ. ನೋಡಿಕೊಳ್ಳುವುದು ಹಣಕಾಸು ಸಚಿವಾಲಯ. ಆರೋಗ್ಯ ಸಚಿವಾಲಯ ಕೆಮ್ಮಬೇಡಿ ಅನ್ನುತ್ತದೆ, ಹಣಕಾಸು ಸಚಿವಾಲಯ ಡಿವಿಡೆಂಡ್ ಎಣಿಸುತ್ತದೆ. ಮಗು ಚಿವುಟಿ ತೊಟ್ಟಿಲು ತೂಗೋದು ಅಂತ ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಅವರಿಗೆ ಜಪಾನ್ ಎಲ್ಲಿದೆ ಅಂತಲೂ ಗೊತ್ತಿರಲಿಲ್ಲ.

ಸಿಂಗಪುರದವರು ಅಚ್ಚುಕಟ್ಟಿನ ಜನ. 1992ರಲ್ಲಿ ಚೂಯಿಂಗ್ ಗಮ್ ಮಾರಾಟವನ್ನೇ ನಿಷೇಧಿಸಿದ ದೇಶ. 2010ರಲ್ಲಿ ಅಲ್ಲಿ ಕ್ಯಾಸಿನೊ ತೆರೆಯಿತು. ಗಮ್ ಅಂಟುತ್ತದೆ, ಜೂಜು ಅಂಟುವುದಿಲ್ಲ ಅಂತ ಇರಬೇಕು. ಜೂಜಿನಿಂದ ತನ್ನ ಪ್ರಜೆ ಹಾಳಾಗಬಾರದು ಅಂತ ಸರ್ಕಾರಕ್ಕೆ ಚಿಂತೆ. ಹಾಗಾಗಿ ಸ್ವಂತ ಪ್ರಜೆಗಳಿಗೂ ಕಾಯಂ ನಿವಾಸಿಗಳಿಗೂ ಬಾಗಿಲಲ್ಲೇ ದಿನಕ್ಕೆ 100 ಸಿಂಗಪುರ ಡಾಲರ್ ಪ್ರವೇಶ ಶುಲ್ಕ ಇಟ್ಟಿತು. 2019ರಲ್ಲಿ ಅದು 150 ಆಯಿತು. ವಿದೇಶಿಯರಿಗೆ ಪುಕ್ಕಟೆ. ಪದೇ ಪದೇ ಬರುವವರಿಗೆ ವರ್ಷದ ಪಾಸೂ ಇದೆ! ಯೋಚನೆ ಮಾಡಿ: ಜೂಜಾಡಿ ದುಡ್ಡು ಕಳೆದುಕೊಳ್ಳಬೇಡ ಅಂತ ಬುದ್ಧಿ ಹೇಳುವ ಸಲುವಾಗಿ, ಒಳಗೆ ಕಾಲಿಡುವ ಮುಂಚೆಯೇ 150 ಡಾಲರ್ ಕಳೆಯುವ ವ್ಯವಸ್ಥೆ. ಒಳಗೆ ಹೋದವನು ಮೊದಲು ಆ ದುಡ್ಡನ್ನಾದರೂ ಗೆಲ್ಲಬೇಕು ಅಂತ ಕೂರುತ್ತಾನೆ. ಪಾಪ, ನಾನಾದರೂ ಕೂರುತ್ತಿದ್ದೆ.

ನ್ಯೂಜಿಲೆಂಡ್ ಮಕ್ಕಳ ಕತೆಯನ್ನಂತೂ ಹೇಳಲೇಬೇಕು. 2022ರ ಡಿಸೆಂಬರ್‌ನಲ್ಲಿ ಅಲ್ಲಿನ ಸಂಸತ್ತು, 2009ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಜೀವಮಾನದಲ್ಲಿ ಯಾವತ್ತೂ ಸಿಗರೇಟು ಮಾರುವಂತಿಲ್ಲ ಅಂತ ಕಾನೂನು ಮಾಡಿತು. ಅವರು ಅರವತ್ತು ವರ್ಷದ ಅಜ್ಜ ಆದರೂ ಇಲ್ಲ, ಆ ಅಜ್ಜನಿಗಿಂತ ಒಂದು ದಿನ ಮೊದಲು ಹುಟ್ಟಿದ ಅಜ್ಜನಿಗೆ ಉಂಟು. ಮುಂದೆ ಸರ್ಕಾರ ಬದಲಾಯಿತು. ಈ ಕಾನೂನು ಕೈಬಿಟ್ಟರೆ ಉಳಿಯುವ ತಂಬಾಕು ತೆರಿಗೆ, ತಾವು ಮಾತು ಕೊಟ್ಟ ತೆರಿಗೆ ಕಡಿತಕ್ಕೆ ನೆರವಾಗುತ್ತದೆ ಅನ್ನೋದನ್ನು ಹೊಸ ಹಣಕಾಸು ಸಚಿವೆಯೇ ಮುಚ್ಚುಮರೆಯಿಲ್ಲದೆ ಹೇಳಿದರು. 2024ರ ಫೆಬ್ರವರಿಯಲ್ಲಿ ಕಾನೂನು ರದ್ದು. ಹದಿನೈದು ವರ್ಷದ ಹುಡುಗ ತನ್ನನ್ನು ಕಾಪಾಡಿದ್ದಾರೆ ಅಂತ ತಿಳಿದುಕೊಳ್ಳುವಷ್ಟರಲ್ಲಿ ಬಿಟ್ಟೂ ಬಿಟ್ಟಿದ್ದರು. ಹದಿನೆಂಟು ತುಂಬಿದ ಮೇಲೆ ಅವನ ಶ್ವಾಸಕೋಶ ಬಜೆಟ್‌ಗೆ ಬೇಕಾಗಿದೆ.

ನನ್ನ ಶತ್ರುವಿನ ಬಳಿಗೆ ವಾಪಸ್ ಬರುತ್ತೇನೆ. ಇಷ್ಟೆಲ್ಲ ಓದಿದ ಮೇಲೂ ನನ್ನನ್ನು ನನ್ನ ಪಾಡಿಗೆ ಬಿಡಿ ಅನ್ನುವ ಧೈರ್ಯ ನನಗಿಲ್ಲ. ರಾತ್ರಿ ಹತ್ತೂವರೆಯ ನಂತರ ಅವನು ಏನು ಅಂತ ನನಗೆ ಗೊತ್ತು. ಕಾಪಾಡಿ ಸ್ವಾಮಿ, ಖಂಡಿತ ಕಾಪಾಡಿ. ನನ್ನ ಚಟದಿಂದ ನಿಮಗೆ ಬರುವ ಪಾಲನ್ನು ಮೊದಲು ಬಿಟ್ಟು ಆಮೇಲೆ ಬನ್ನಿ. ಆಗ ನಿಮ್ಮಲ್ಲಿ ಎಷ್ಟು ಜನ ಬರುತ್ತೀರಿ ನೋಡೋಣ.

ಈಗಿನ ಕಾಲದ ಸರ್ಕಾರಗಳು ಅಂಗಿ ಹಿಡಿದು ಎಳೆಯುವುದೂ ಕಡಿಮೆ. ಮೆಲ್ಲಗೆ ಭುಜ ತಟ್ಟಿ ದಾರಿಗೆ ತರುವ ಶಾಸ್ತ್ರ ಬಂದಿದೆ. ಆಮ್‌ಸ್ಟರ್‌ಡ್ಯಾಮ್ ವಿಮಾನ ನಿಲ್ದಾಣದ ಗಂಡಸರ ಶೌಚಾಲಯದಲ್ಲಿ ಮೂತ್ರದ ಬೇಸಿನ್ ಒಳಗೆ ಒಂದು ನೊಣದ ಚಿತ್ರ ಬಿಡಿಸಿದರು. ಗಂಡಸು ನೊಣ ಕಂಡರೆ ಗುರಿ ಇಡುತ್ತಾನೆ, ನೆಲ ಒದ್ದೆಯಾಗುವುದು ತಪ್ಪುತ್ತದೆ. ಯಾರನ್ನೂ ಗದರಲಿಲ್ಲ, ದಂಡ ಹಾಕಲಿಲ್ಲ. 2010ರಲ್ಲಿ ಬ್ರಿಟನ್ ಸರ್ಕಾರ ಇಂಥ ಉಪಾಯ ಹುಡುಕಲೆಂದೇ ಒಂದು ತಂಡ ಕಟ್ಟಿತು. ಒಳ್ಳೇದೇ. ಕಷ್ಟ ಏನು ಅಂದರೆ, ನೊಣ ಬಿಡಿಸಲು ಸರ್ಕಾರಕ್ಕಿಂತ ಚೆನ್ನಾಗಿ ಕಂಪನಿಗಳಿಗೆ ಬರುತ್ತದೆ.

ಅದಕ್ಕೂ ರಕ್ಷಣೆ ಇದೆ ಅನ್ನಿ. ನನ್ನ ಖಾಸಗಿ ಮಾಹಿತಿಯನ್ನು ನಾನೇ ಕೈಯಾರೆ ಕೊಟ್ಟು ಕಳೆದುಕೊಳ್ಳಬಾರದು ಅಂತ ಯುರೋಪಿನವರು ಕಾನೂನು ಮಾಡಿದ್ದಾರೆ. 2018ರಿಂದ ಅದು ಇನ್ನೂ ಬಿಗಿ. ಅವರಿಗಾಗಿ ಮಾಡಿದ್ದು ಎಲ್ಲರ ಪರದೆಗೂ ಬಂತು. ನನ್ನನ್ನು ಕೇಳದೆ ಏನೂ ಮಾಡುವಂತಿಲ್ಲ. ಹಾಗಾಗಿ ಕೇಳುತ್ತಾರೆ. ದಿನಕ್ಕೆ ಇಪ್ಪತ್ತು ಸಲ ಕೇಳುತ್ತಾರೆ. ಸೇತುವೆ ಹಾಗೇ ಇದೆ, ಪ್ರತಿ ಸೇತುವೆಯ ಮುಂದೂ ಒಂದು ಫಲಕ ನೆಟ್ಟು ಸಹಿ ಕೇಳುತ್ತಿದ್ದಾರೆ.

ನಿನ್ನೆ ರಾತ್ರಿ ಈ ಲೇಖನಕ್ಕೆ ಆ 8 ಸೆಕೆಂಡಿನ ಬಜರ್ ವಿಷಯ ಇನ್ನೊಮ್ಮೆ ಖಚಿತ ಮಾಡಿಕೊಳ್ಳೋಣ ಅಂತ ಕೂತೆ. ಪುಟ ತೆರೆಯಿತು. ಅರ್ಧ ಪರದೆ ಮುಚ್ಚಿಕೊಂಡು ಒಂದು ಫಲಕ: ನಿಮ್ಮ ಗೌಪ್ಯತೆ ನಮಗೆ ಮುಖ್ಯ. ನಮ್ಮ 800 ಚಿಲ್ಲರೆ ಪಾಲುದಾರರಿಗೂ ಮುಖ್ಯ. ಕೆಳಗೆ ದಪ್ಪ ಹಸಿರು ಗುಂಡಿ, 'ಎಲ್ಲ ಒಪ್ಪುತ್ತೇನೆ'. ಪಕ್ಕದಲ್ಲಿ ಇರುವೆಯಷ್ಟು ಸಣ್ಣ ಬೂದು ಅಕ್ಷರದಲ್ಲಿ ಇನ್ನೇನೋ. ಇವತ್ತಾದರೂ ಪೂರ್ತಿ ಓದಿಯೇ ತೀರ್ಮಾನ ಮಾಡುತ್ತೇನೆ ಅಂತ ಎದ್ದು ಕನ್ನಡಕ ಹುಡುಕಲು ಹೋದೆ. ಗೋಡೆ ಗಡಿಯಾರದಲ್ಲಿ ಹತ್ತು ಮೂವತ್ತೈದು. ಕನ್ನಡಕ ಹಾಕಿಕೊಂಡು ಬರುವಷ್ಟರಲ್ಲಿ ಅವನು ಹಸಿರು ಗುಂಡಿ ಒತ್ತಿ, ಆಕ್ಟೋಪಸ್ ನೋಡುತ್ತಾ ಕೂತಿದ್ದ.